ರಿಜಿಸ್ಟರ್ ಆದ ಮಾತ್ರಕ್ಕೆ ಜಾಗ ನಿಮ್ಮದೇ?

ಬೆಂಗಳೂರಿನ ಹೊರವಲಯದಲ್ಲಿ 30-40ರ ಸೈಟು ಕೊಂಡವರು ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಹೊರಬರುವಾಗ ನೆಮ್ಮದಿಯ ಉಸಿರು ಬಿಡುತ್ತಾರೆ. ರಿಜಿಸ್ಟರ್ ಆಯಿತು, ಇನ್ನು ಜಾಗ ನಮ್ಮದು ಎಂಬ ನಂಬಿಕೆ ಅವರದು. ಭೂಮಿಗೆ ಹಣ ಹಾಕುವವರಿಗೆ ಅಪಾಯಗಳು ಹಲವು. ಬೆಲೆ ವರ್ಷಗಟ್ಟಲೆ ಏರದಿರಬಹುದು, ಆಸ್ಪತ್ರೆ ಖರ್ಚಿಗೆ ಮಾರಹೊರಟಾಗ ಗಿರಾಕಿ ಸಿಗದಿರಬಹುದು. ಆಗಲೂ ಜಾಗವಾದರೂ ಉಳಿದಿರುತ್ತದೆ. ಮಾರಿದವರ ಹಕ್ಕಿನಲ್ಲೇ ದೋಷವಿದ್ದರೆ ಜಾಗವೂ ಹೋಗುತ್ತದೆ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಹಾಗಾಗಿ ಕೊಳ್ಳುವವರು ಎಲ್ಲಕ್ಕಿಂತ ಮೊದಲು ಹೆದರಬೇಕಾದದ್ದು ಇದಕ್ಕೆ.

ನಮ್ಮಲ್ಲಿ 1908ರ ನೋಂದಣಿ ಕಾಯ್ದೆಯಡಿ ನೋಂದಣಿಯಾಗುವುದು ಪತ್ರ, ಹಕ್ಕಲ್ಲ. ಬರೆದುಕೊಟ್ಟವರು ಇವರೇ ಹೌದೇ, ಮುದ್ರಾಂಕ ಶುಲ್ಕ ಸರಿಯಾಗಿ ಕಟ್ಟಿದೆಯೇ ಎಂಬುದನ್ನು ಕಚೇರಿ ನೋಡುತ್ತದೆ. ಮಾರುವವರಿಗೆ ನಿಜಕ್ಕೂ ಹಕ್ಕಿದೆಯೇ ಎಂದು ತೀರ್ಮಾನಿಸುವುದು ಅದರ ಕೆಲಸವಲ್ಲ. ತಮಿಳುನಾಡಿನ ಒಂದು ನೋಂದಣಿ ನಿಯಮವನ್ನು 2025ರಲ್ಲಿ ರದ್ದುಪಡಿಸಿದಾಗ ಸುಪ್ರೀಂ ಕೋರ್ಟ್ ಇದನ್ನೇ ಸ್ಪಷ್ಟಪಡಿಸಿತು. ಖಾತೆಯೂ ಅಷ್ಟೇ, ಅದು ತೆರಿಗೆ ವಸೂಲಿಗಾಗಿ ಇರುವ ದಾಖಲೆ. ಇನ್ನು ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮೇಲೆ ಕೊಳ್ಳುವ ವ್ಯವಹಾರದಿಂದ ಮಾಲೀಕತ್ವ ಬರುವುದಿಲ್ಲವೆಂದು ಅದೇ ನ್ಯಾಯಾಲಯ 2011ರಲ್ಲೇ ಹೇಳಿದೆ.

‘ಇಸಿ ತೆಗೆಸಿದ್ದೇವೆ, ಕ್ಲಿಯರ್ ಇದೆ’ ಎನ್ನುವವರಿದ್ದಾರೆ. ಆ ಋಣಭಾರ ಪತ್ರವನ್ನು ಕೈಯಲ್ಲಿ ಹಿಡಿದು ನೋಡಿ. ಆಸ್ತಿಯ ವಿವರ, ಚೆಕ್ಕುಬಂದಿ, ದಸ್ತಾವೇಜಿನ ದಿನಾಂಕ, ಬರೆದುಕೊಟ್ಟವರು ಮತ್ತು ಬರೆಸಿಕೊಂಡವರ ಹೆಸರು, ಇಂಥವಷ್ಟೇ. ನೀವು ಕೇಳಿದ ಅವಧಿಯಲ್ಲಿ ನೋಂದಣಿಯಾದ ವ್ಯವಹಾರಗಳು ಮಾತ್ರ ಅದರಲ್ಲಿ ಕಾಣುತ್ತವೆ. ನೋಂದಣಿಯಾಗದ ಉಯಿಲು, ನಡೆಯುತ್ತಿರುವ ದಾವೆ, ಸಹಿ ಹಾಕದ ಪಾಲುದಾರರು ಅದರಲ್ಲಿ ಬರುವುದಿಲ್ಲ. ಪಿತ್ರಾರ್ಜಿತ ಜಮೀನನ್ನು ಗಂಡುಮಕ್ಕಳಷ್ಟೇ ಸೇರಿ ಮಾರುವುದನ್ನು ಹಳ್ಳಿಗಳಲ್ಲಿ ಇಂದಿಗೂ ಕಾಣಬಹುದು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಬಂದಿದೆ. ಆಗ ತಂದೆ ಬದುಕಿದ್ದರೋ ಇಲ್ಲವೋ ಎಂಬುದು ಮುಖ್ಯವಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಪರಿಶಿಷ್ಟ ಜಾತಿ, ಪಂಗಡದ ಕುಟುಂಬಗಳಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿನದು ಇನ್ನೂ ಗಂಭೀರ ಸಂಗತಿ. 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಅನುಮತಿಯಿಲ್ಲದ ಮಾರಾಟ ಅಸಿಂಧು. ಮರಳಿ ಕೇಳಲು ಕಾಲಮಿತಿಯಿಲ್ಲ ಎಂದು 2023ರಲ್ಲಿ ತಿದ್ದುಪಡಿಯಾಗಿದೆ. ಅಂಥ ಜಮೀನು ಕೊಂಡು ಕಳೆದುಕೊಂಡವರು ಈ ಕಾಯ್ದೆಯನ್ನು ಶಪಿಸುವುದುಂಟು. ಆದರೆ ಬಡವರ ತುಂಡು ಭೂಮಿ ಮೂರುಕಾಸಿಗೆ ಕೈಬಿಡದಿರಲೆಂದೇ ಬಂದ ಕಾನೂನು ಇದು. ತಪ್ಪು ಇರುವುದು ಮಂಜೂರಾತಿ ಆದೇಶವನ್ನು ಬಚ್ಚಿಟ್ಟು ಮಾರಿದವರಲ್ಲಿ.

ಬ್ಯಾಂಕು ಸಾಲ ಕೊಟ್ಟಿದೆಯಲ್ಲ, ಅವರ ವಕೀಲರು ನೋಡಿರುವುದಿಲ್ಲವೇ? ಈ ವಾದದಲ್ಲಿ ಒಂದಿಷ್ಟು ಹುರುಳಿದೆ. ಬ್ಯಾಂಕಿನ ಪರಿಶೀಲನೆ ದಾಟದ ಕಾಗದವನ್ನು ಮುಟ್ಟಲೇಬಾರದು. ಆದರೆ ದಾಟಿತೆಂದು ಕಣ್ಣು ಮುಚ್ಚುವಂತಿಲ್ಲ, ಏಕೆಂದರೆ ಬ್ಯಾಂಕಿನ ವಕೀಲರು ಕಾಯುವುದು ಬ್ಯಾಂಕಿನ ಹಿತವನ್ನು. ಸೈಟು ಕೈತಪ್ಪಿದರೂ ಸಾಲಗಾರ ನೀವೇ. ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಅಂದರೆ ರೇರಾ ಇದೆ ಎನ್ನುವ ಮಾತಿಗೆ ಹೆಚ್ಚು ತೂಕವುಂಟು. ಹಕ್ಕಿನ ದೋಷದಿಂದ ನಷ್ಟವಾದರೆ ಪ್ರವರ್ತಕರು ಪರಿಹಾರ ಕೊಡಬೇಕೆಂದೂ ಅದಕ್ಕೆ ಕಾಲಮಿತಿಯ ನೆಪ ಹೇಳಲಾಗದೆಂದೂ 2016ರ ಆ ಕಾಯ್ದೆಯಲ್ಲಿದೆ. ಆದರೆ 500 ಚದರ ಮೀಟರ್ ಮೀರದ ಜಾಗದ ಯೋಜನೆಗೆ ನೋಂದಣಿಯೇ ಕಡ್ಡಾಯವಲ್ಲ. ಅಂದರೆ 30-40ರ ನಾಲ್ಕು ಸೈಟುಗಳಷ್ಟು. ಮೊದಲೊಬ್ಬರು ಕೊಂಡ ಸೈಟನ್ನು ಅವರಿಂದ ನೀವು ಕೊಳ್ಳುವುದಾದರೆ, ಅವರು ಪ್ರವರ್ತಕರಲ್ಲದ ಕಾರಣ ಈ ಹೊಣೆ ಅವರ ಮೇಲೆ ಬರುವುದಿಲ್ಲ.

ಹಾಗಾದರೆ ಕೊಳ್ಳುವುದೇ ಬೇಡವೇ? ಕೊಳ್ಳಿ, ಆದರೆ ಮುಂಗಡ ಕೊಡುವ ಮೊದಲೇ ಕಾಗದ ಕೇಳಿ. ಈಗಿನ ಕ್ರಯಪತ್ರದಿಂದ ಮೂಲಪತ್ರದವರೆಗೆ ಕೊಂಡಿ ಕಳಚದೆ ಬಂದಿದೆಯೇ, ವಂಶವೃಕ್ಷದಲ್ಲಿರುವ ಪ್ರತಿಯೊಬ್ಬರ ಸಹಿ ಇದೆಯೇ, ಹಳೆಯ ಪಹಣಿಗಳಲ್ಲಿ ಮಂಜೂರಾತಿಯ ಸುಳಿವಿದೆಯೇ, ಭೂಪರಿವರ್ತನೆ ಆದೇಶದ ಸರ್ವೆ ನಂಬರೂ ಬಡಾವಣೆಯ ನಕ್ಷೆಯ ಸರ್ವೆ ನಂಬರೂ ಒಂದೇ ತಾನೇ ಎಂದು ನಿಮ್ಮದೇ ವಕೀಲರಿಂದ ನೋಡಿಸಿ. ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡಿಸಿ, ಜಾಗವನ್ನು ಅಳತೆ ಮಾಡಿಸಿ. ಹಕ್ಕಿನಲ್ಲಿ ದೋಷ ಕಂಡುಬಂದರೆ ಮುಂಗಡ ಪೂರ್ತಿ ವಾಪಸ್ ಎಂಬ ಷರತ್ತನ್ನು ಕರಾರು ಪತ್ರದಲ್ಲೇ ಬರೆಸಿ. ಆ ಒಂದು ಸಾಲಿಗೆ ಮಾರುವವರು ಒಪ್ಪದಿದ್ದರೆ ಮಾತುಕತೆ ಅಲ್ಲಿಗೇ ನಿಲ್ಲಿಸಿ.