ಹಳತಾದ ಪ್ಯಾಕೇಜು, ಸಂಬಳವಿಲ್ಲದ ಹೊಣೆ

ಡೆಬಿಯನ್ ಎಂಬುದು ಲಿನಕ್ಸ್ ಆಧಾರಿತ ಆಪರೇಟಿಂಗ್ ಸಿಸ್ಟಂ. 1993ರ ಆಗಸ್ಟ್‌ನಲ್ಲಿ ಇಯಾನ್ ಮರ್ಡಾಕ್ ಎಂಬ ಅಮೆರಿಕದ ವಿದ್ಯಾರ್ಥಿ ಇದನ್ನು ಆರಂಭಿಸಿದರು. ಇಂದಿಗೂ ಇದಕ್ಕೆ ಮಾಲೀಕ ಕಂಪನಿ ಇಲ್ಲ. ಹಲವು ದೇಶಗಳಲ್ಲಿ ಹರಡಿಕೊಂಡಿರುವ ಸುಮಾರು ಸಾವಿರ ಸದಸ್ಯರು ಮತ್ತು ಅವರೊಂದಿಗೆ ಕೈಜೋಡಿಸುವ ಇನ್ನಷ್ಟು ಮಂದಿ, ಬಹುಪಾಲು ತಮ್ಮ ಬಿಡುವಿನ ವೇಳೆಯಲ್ಲಿ, ಇದನ್ನು ನಡೆಸಿಕೊಂಡು ಬಂದಿದ್ದಾರೆ. ಉಬುಂಟು ಹುಟ್ಟಿದ್ದು ಇದರಿಂದಲೇ. ಸಿ-ಡ್ಯಾಕ್ ಸಂಸ್ಥೆ ರೂಪಿಸಿದ ಭಾರತದ ‘ಬಾಸ್’ ಲಿನಕ್ಸ್‌ಗೂ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ವ್ಯವಸ್ಥೆಗೂ ಇದೇ ಬುನಾದಿ. 2023ರ ಜೂನ್‌ನಲ್ಲಿ ಡೆಬಿಯನ್ 12 ಬಿಡುಗಡೆಯಾದಾಗ ಅದರಲ್ಲಿ 64,000ಕ್ಕೂ ಹೆಚ್ಚು ಪ್ಯಾಕೇಜುಗಳಿದ್ದವು. ಸದಸ್ಯರ ಸಂಖ್ಯೆಯನ್ನೂ ಪ್ಯಾಕೇಜುಗಳ ಸಂಖ್ಯೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ತೊಡಕು ಎಲ್ಲಿಂದ ಶುರುವಾಗುತ್ತದೆ ಎಂಬುದು ತಿಳಿಯುತ್ತದೆ.

ಪ್ಯಾಕೇಜು ಎಂದರೆ ಬಳಕೆದಾರರು ಒಂದೇ ಆದೇಶದಲ್ಲಿ ಇನ್‌ಸ್ಟಾಲ್ ಮಾಡಿಕೊಳ್ಳಲು ಆಗುವಂತೆ ಸಿದ್ಧಪಡಿಸಿದ ತಂತ್ರಾಂಶ. ತಂತ್ರಾಂಶ ಬರೆಯುವವರು ಒಬ್ಬರು, ಅದನ್ನು ಡೆಬಿಯನ್‌ಗೆ ಒಗ್ಗುವಂತೆ ಕಟ್ಟಿಕೊಡುವವರು ಸಾಮಾನ್ಯವಾಗಿ ಇನ್ನೊಬ್ಬರು. ಈ ಎರಡನೆಯವರೇ ಮೇಂಟೇನರ್. ಪ್ರತಿ ಪ್ಯಾಕೇಜಿನ ಮೂಲದಲ್ಲೂ ‘ಡೆಬಿಯನ್’ ಹೆಸರಿನ ಒಂದು ಫೋಲ್ಡರ್ ಇರುತ್ತದೆ. ಅದರಲ್ಲಿರುವ ‘ಕಂಟ್ರೋಲ್’ ಕಡತದಲ್ಲಿ ಮೇಂಟೇನರ್ ಹೆಸರು, ಇಮೇಲ್ ವಿಳಾಸ ಮತ್ತು ಈ ತಂತ್ರಾಂಶ ನಡೆಯಲು ಬೇಕಾದ ಇತರ ಪ್ಯಾಕೇಜುಗಳ ಪಟ್ಟಿ, ‘ಚೇಂಜ್‌ಲಾಗ್’ನಲ್ಲಿ ಯಾವ ದಿನ ಯಾರು ಏನು ಬದಲಿಸಿದರು ಎಂಬ ದಾಖಲೆ, ‘ವಾಚ್’ ಎಂಬ ಚಿಕ್ಕ ಕಡತದಲ್ಲಿ ಮೂಲ ಲೇಖಕರು ಹೊಸ ಆವೃತ್ತಿಗಳನ್ನು ಇಡುವ ಜಾಗದ ಸುಳಿವು. ಯಂತ್ರವೊಂದು ಈ ವಾಚ್ ಕಡತಗಳನ್ನು ಓದುತ್ತಾ, ಹೊಸ ಆವೃತ್ತಿ ಬಂದಿದ್ದರೆ ಪ್ಯಾಕೇಜಿನ ಪುಟದಲ್ಲಿ ಸೂಚನೆ ಹಾಕುತ್ತದೆ. ಹೀಗಾಗಿ ಪ್ಯಾಕೇಜು ಹಳತಾಗಿದೆ ಎಂಬ ಸಂಗತಿ ಗುಟ್ಟಾಗಿ ಉಳಿಯುವುದು ಅಪರೂಪ. ಗೊತ್ತಾದ ಮೇಲೂ ಯಾರೂ ಮುಟ್ಟದೆ ಬಿಡುವುದೇ ಹೆಚ್ಚು.

ಹಳೆಯದೆಲ್ಲ ಕೆಟ್ಟದ್ದಲ್ಲ. ಡೆಬಿಯನ್‌ನಲ್ಲಿ ಮೂರು ಹಂತಗಳಿವೆ. ಹೊಸ ಪ್ಯಾಕೇಜು ಮೊದಲು ‘ಅನ್‌ಸ್ಟೇಬಲ್’ಗೆ ಬರುತ್ತದೆ; ಕೆಲವು ದಿನ ಗಂಭೀರ ದೋಷ ಕಾಣಿಸದಿದ್ದರೆ ‘ಟೆಸ್ಟಿಂಗ್’ಗೆ ಸರಿಯುತ್ತದೆ; ಸುಮಾರು ಎರಡು ವರ್ಷಕ್ಕೊಮ್ಮೆ ಟೆಸ್ಟಿಂಗ್ ಅನ್ನು ಇದ್ದಲ್ಲಿಗೆ ನಿಲ್ಲಿಸಿ, ತಿದ್ದಿ ‘ಸ್ಟೇಬಲ್’ ಎಂದು ಬಿಡುಗಡೆ ಮಾಡುತ್ತಾರೆ. ಸ್ಟೇಬಲ್‌ನಲ್ಲಿರುವ ಆವೃತ್ತಿ ಅಲ್ಲಿಂದ ಮುಂದೆ ಬದಲಾಗುವುದಿಲ್ಲ. ಭದ್ರತಾ ದೋಷಗಳಿಗೂ ಇತರ ಗಂಭೀರ ದೋಷಗಳಿಗೂ ಮಾತ್ರ ತೇಪೆ ಹಚ್ಚಲಾಗುತ್ತದೆ. ಬ್ಯಾಂಕಿನ ಸರ್ವರ್ ನಡೆಸುವವರಿಗೆ ಬೇಕಾದದ್ದು ಈ ನಿಶ್ಚಲತೆಯೇ.

ಇದರ ಅರ್ಥ ತಿಳಿಯಲು 2014ರ ಏಪ್ರಿಲ್ ತಿಂಗಳನ್ನು ನೋಡಬೇಕು. ಜಾಲತಾಣಗಳ ಸಂಪರ್ಕವನ್ನು ಗೂಢಲಿಪಿಯಲ್ಲಿ ಕಾಯುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದಲ್ಲಿ ಆಗ ‘ಹಾರ್ಟ್‌ಬ್ಲೀಡ್’ ಎಂಬ ದೋಷ ಬೆಳಕಿಗೆ ಬಂತು. ಸರ್ವರಿನ ಸ್ಮರಣೆಯಲ್ಲಿದ್ದ ಪಾಸ್‌ವರ್ಡುಗಳನ್ನು ಹೊರಗಿನವರು ಕದಿಯಲು ಇದು ದಾರಿ ಮಾಡಿಕೊಟ್ಟಿತ್ತು. ದೋಷ ಹೊಕ್ಕಿದ್ದು 2012ರಲ್ಲಿ ಬಂದ 1.0.1 ಆವೃತ್ತಿಯಲ್ಲಿ. ಆಗಿನ ಸ್ಟೇಬಲ್ ಆಗಿದ್ದ ಡೆಬಿಯನ್ 7ರಲ್ಲಿ ಈ ದೋಷವಿತ್ತು. ಅದಕ್ಕೂ ಹಿಂದಿನ ಡೆಬಿಯನ್ 6ರಲ್ಲಿ ಇನ್ನೂ 0.9.8 ಸರಣಿಯೇ ಇದ್ದುದರಿಂದ ಅದಕ್ಕೆ ತೊಂದರೆ ತಟ್ಟಲಿಲ್ಲ. ಡೆಬಿಯನ್ 7ಕ್ಕೆ ದೋಷ ತಿದ್ದಿ ಕೊಟ್ಟ ಪ್ಯಾಕೇಜಿನ ಸಂಖ್ಯೆ 1.0.1ಇ-2+ಡೆಬ್7ಯು5. ಮೊದಲ ಭಾಗ ಮೂಲ ತಂತ್ರಾಂಶದ ಆವೃತ್ತಿ, ‘2’ ಡೆಬಿಯನ್‌ನಲ್ಲಿ ಅದನ್ನು ಕಟ್ಟಿದ ಎರಡನೇ ಸಲ, ‘ಡೆಬ್7’ ಯಾವ ಬಿಡುಗಡೆಗೆ ಎಂಬುದು, ‘ಯು5’ ಆ ಬಿಡುಗಡೆಯಲ್ಲಿ ಐದನೇ ಪರಿಷ್ಕರಣೆ. ಮುಂಭಾಗವನ್ನಷ್ಟೇ ಓದಿದವರಿಗೆ ಇದು ದೋಷವಿರುವ ಹಳೆಯ ಆವೃತ್ತಿ ಎನಿಸುತ್ತದೆ. ಬಾಲವನ್ನು ಓದಿದವರಿಗೆ ತೇಪೆ ಬಿದ್ದಿದೆ ಎಂದು ಗೊತ್ತಾಗುತ್ತದೆ. ಆದ್ದರಿಂದ ‘ನಿಮ್ಮ ಪ್ಯಾಕೇಜು ಹಳತು’ ಎಂಬ ದೂರು ಪ್ರತಿ ಸಲವೂ ನ್ಯಾಯವಾದ ದೂರಲ್ಲ.

ನ್ಯಾಯವಾದ ದೂರು ಬೇರೆಯದೇ ಜಾಗದಲ್ಲಿ ಹುಟ್ಟುತ್ತದೆ. ಅನ್‌ಸ್ಟೇಬಲ್‌ನಲ್ಲೇ ಒಂದು ಪ್ಯಾಕೇಜು ವರ್ಷಗಟ್ಟಲೆ ಅಲುಗಾಡದೆ ಬಿದ್ದಿರುತ್ತದೆ. ಮೂಲ ಲೇಖಕರು ನಾಲ್ಕಾರು ಆವೃತ್ತಿ ಹೊರತಂದಿರುತ್ತಾರೆ. ಹೊಸದು ಬೇಕೆಂದು ಬಳಕೆದಾರರು ಸಲ್ಲಿಸಿದ ಮನವಿಗೆ ಉತ್ತರವೇ ಇರುವುದಿಲ್ಲ. ಕಾರಣಗಳನ್ನು ಹುಡುಕಿದರೆ ಅವು ಸಾಧಾರಣ ಬದುಕಿನವೇ: ಕಾಲೇಜು ದಿನಗಳಲ್ಲಿ ಪ್ಯಾಕೇಜು ಕಟ್ಟಲು ಶುರುಮಾಡಿದವರಿಗೆ ಕೆಲಸ ಸಿಕ್ಕಿತು, ಮನೆಯಲ್ಲಿ ಮಗು ಹುಟ್ಟಿತು, ಆರೋಗ್ಯ ಕೆಟ್ಟಿತು, ಅಥವಾ ಆ ತಂತ್ರಾಂಶವನ್ನು ಅವರೇ ಬಳಸುವುದು ಬಿಟ್ಟರು. ಇದರಲ್ಲಿ ತಪ್ಪೇನೂ ಇಲ್ಲ. ತೊಂದರೆ ಏನೆಂದರೆ, ಕೆಲಸ ನಿಂತರೂ ಕಂಟ್ರೋಲ್ ಕಡತದಲ್ಲಿ ಹೆಸರು ಹಾಗೆಯೇ ಉಳಿಯುತ್ತದೆ. ಊರಿನ ಸಮುದಾಯ ಭವನದ ಬೀಗದ ಕೈ ಇಟ್ಟುಕೊಂಡವರು ಊರು ಬಿಟ್ಟುಹೋದರೆ ಆಗುವ ಪಜೀತಿಯೇ ಇದು. ಬೇರೊಬ್ಬರು ಮುಂದೆ ಬರಲು ಹಿಂಜರಿಯುತ್ತಾರೆ, ಯಾಕೆಂದರೆ ದಾಖಲೆಯ ಪ್ರಕಾರ ನೋಡಿಕೊಳ್ಳುವವರು ಇದ್ದಾರೆ.

ಮೂಲ ಲೇಖಕರಿಗೂ ಇದರ ಬಿಸಿ ತಟ್ಟುತ್ತದೆ. ಎಕ್ಸ್‌ಸ್ಕ್ರೀನ್‌ಸೇವರ್ ಎಂಬ, ಪರದೆಗೆ ಬೀಗ ಹಾಕುವ ತಂತ್ರಾಂಶವನ್ನು 1992ರಿಂದ ಬರೆದು ಕಾಪಾಡಿಕೊಂಡು ಬಂದವರು ಜೇಮಿ ಜಾವಿನ್‌ಸ್ಕಿ. ಎಂದೋ ಸರಿಪಡಿಸಿದ ದೋಷಗಳ ಬಗ್ಗೆ ಡೆಬಿಯನ್ ಬಳಕೆದಾರರಿಂದ ಅವರಿಗೆ ದೂರುಗಳು ಬರುತ್ತಲೇ ಇದ್ದವು. ಬೇಸತ್ತ ಅವರು, ತಂತ್ರಾಂಶ ಬಹಳ ಹಳತಾಗಿದ್ದರೆ ಅದನ್ನು ಪರದೆಯ ಮೇಲೇ ತಿಳಿಸುವ ಎಚ್ಚರಿಕೆಯನ್ನು ಅದರೊಳಗೆ ಸೇರಿಸಿದರು. 2016ರಲ್ಲಿ ಆ ಎಚ್ಚರಿಕೆ ಡೆಬಿಯನ್ ಸ್ಟೇಬಲ್ ಬಳಸುವವರ ಪರದೆಯಲ್ಲಿ ಕಾಣಿಸಿಕೊಂಡಾಗ ಅದನ್ನು ತೆಗೆಯಬೇಕೆಂಬ ಕೋರಿಕೆ ಬಂತು. ಎಚ್ಚರಿಕೆ ತೆಗೆಯುವುದಾದರೆ ತಂತ್ರಾಂಶವನ್ನೇ ಡೆಬಿಯನ್‌ನಿಂದ ತೆಗೆಯಿರಿ ಎಂದು ಜಾವಿನ್‌ಸ್ಕಿ ಕೇಳಿದರು. ಪರವಾನಗಿಯ ಪ್ರಕಾರ ತಿದ್ದುವ ಹಕ್ಕು ಡೆಬಿಯನ್‌ಗೆ ಇತ್ತು, ಪ್ಯಾಕೇಜು ಇಂದಿಗೂ ಅಲ್ಲಿದೆ. ಆದರೆ ಹಕ್ಕಿನ ಮಾತಿನಿಂದ ಈ ಜಗಳ ಬಗೆಹರಿಯುವಂಥದ್ದಲ್ಲ. ಸ್ಟೇಬಲ್‌ನ ನಿಯಮವೂ ಸರಿ, ತಾನು ಬಿಟ್ಟುಬಂದ ಆವೃತ್ತಿಗೆ ತನ್ನನ್ನು ಹೊಣೆ ಮಾಡಬೇಡಿ ಎಂಬ ಲೇಖಕರ ಅಳಲೂ ಸರಿ. ಬಳಕೆದಾರರ ದೂರು ಮೊದಲು ಡೆಬಿಯನ್ ಮೇಂಟೇನರ್ ಬಳಿಗೆ ಹೋಗಿ, ಅಲ್ಲಿ ಸೋಸಿ, ನಿಜಕ್ಕೂ ಮೂಲದ ದೋಷವಾಗಿದ್ದರೆ ಮಾತ್ರ ಲೇಖಕರಿಗೆ ತಲುಪಬೇಕು. ಮೇಂಟೇನರ್ ಕೆಲಸದ ಅರ್ಧ ಭಾಗ ಈ ನಡುವಿನ ಸೋಸುವಿಕೆ; ಹೊಸ ಆವೃತ್ತಿ ಕಟ್ಟುವಷ್ಟೇ ಅದೂ ಮುಖ್ಯ.

ಹಾಗಿದ್ದರೆ ಸಂಬಳವಿಲ್ಲದೆ ದುಡಿಯುವವರಿಗೆ ಹೊಣೆ ಎಷ್ಟು? 1998ರಲ್ಲಿ ಅಂಗೀಕಾರವಾದ ಡೆಬಿಯನ್ ಸಂವಿಧಾನದಲ್ಲಿ ಇದಕ್ಕೆ ಉತ್ತರವಿದೆ. ಯೋಜನೆಗಾಗಿ ಕೆಲಸ ಮಾಡಲೇಬೇಕೆಂದು ಯಾರನ್ನೂ ಕಟ್ಟಿಹಾಕುವಂತಿಲ್ಲ; ವಹಿಸಿದ ಕೆಲಸವನ್ನೂ ಒಲ್ಲೆ ಎನ್ನಬಹುದು. ಆದರೆ ನಿಯಮಗಳಿಗೂ ಸರಿಯಾಗಿ ಆದ ತೀರ್ಮಾನಗಳಿಗೂ ಎದುರಾಗಿ ಯಾರೂ ಕೆಲಸ ಮಾಡಬಾರದು. ಈ ಎರಡು ಮಾತನ್ನು ಒಟ್ಟಿಗೆ ಓದಿದರೆ ಸ್ವಯಂಸೇವಕರ ಹೊಣೆಯ ಎಲ್ಲೆ ಸ್ಪಷ್ಟವಾಗುತ್ತದೆ. ಮಾಡದಿರುವುದು ಅಪರಾಧವಲ್ಲ. ಮಾಡುತ್ತಿಲ್ಲ ಎಂದು ಹೇಳದೆ ಇರುವುದು ಮತ್ತು ಮಾಡಲು ಬಂದವರಿಗೆ ಅಡ್ಡ ನಿಲ್ಲುವುದು, ಇವೆರಡೇ ಹೊಣೆಗೇಡಿತನ.

ಹೇಳುವುದಕ್ಕೆ ಡೆಬಿಯನ್‌ನಲ್ಲಿ ನಾಚಿಕೆಪಡಬೇಕಿಲ್ಲದ ದಾರಿಗಳಿವೆ. ಒಬ್ಬರ ಕೈಲಿ ಆಗದಿದ್ದರೆ ‘ನೆರವು ಬೇಕು’ ಎಂದು ಪ್ರಕಟಿಸಬಹುದು. ಬೇರೆಯವರು ವಹಿಸಿಕೊಳ್ಳಲಿ ಎಂದು ಕೇಳಬಹುದು. ಅದೂ ಬೇಡವೆಂದರೆ ಪ್ಯಾಕೇಜನ್ನು ‘ಅನಾಥ’ ಎಂದು ಘೋಷಿಸಿ ಕೈಬಿಡಬಹುದು. ಅನಾಥ ಪ್ಯಾಕೇಜುಗಳನ್ನು ಗುಣಮಟ್ಟದ ತಂಡ ತಾತ್ಕಾಲಿಕವಾಗಿ ನೋಡಿಕೊಳ್ಳುತ್ತದೆ, ಯಾರು ಬೇಕಾದರೂ ದತ್ತು ತೆಗೆದುಕೊಳ್ಳಬಹುದು. ಏನೂ ಹೇಳದೆ ಮರೆಯಾದವರನ್ನು ಹುಡುಕುವುದಕ್ಕೂ ಒಂದು ತಂಡವಿದೆ. ಅದು ಇಮೇಲ್ ಕಳುಹಿಸಿ ವಿಚಾರಿಸುತ್ತದೆ, ಉತ್ತರ ಬಾರದಿದ್ದರೆ ಮತ್ತೆ ಕೇಳುತ್ತದೆ, ಕೊನೆಗೂ ಸದ್ದಿಲ್ಲದಿದ್ದರೆ ಅವರ ಪ್ಯಾಕೇಜುಗಳನ್ನು ಅನಾಥವೆಂದು ಗುರುತಿಸುತ್ತದೆ.

ಅಷ್ಟು ಕಾಯಲಾಗದ ತುರ್ತು ಇದ್ದಾಗ ಬೇರೊಬ್ಬ ಸದಸ್ಯರೇ ತಿದ್ದಿದ ಪ್ಯಾಕೇಜನ್ನು ಸೇರಿಸಬಹುದು. ಹೀಗೆ ಸೇರಿಸುವಾಗ ಅದನ್ನು ದೋಷದ ತೀವ್ರತೆಗೆ ತಕ್ಕಂತೆ ಎರಡೋ ಐದೋ ಹತ್ತೋ ದಿನ ಸರದಿಯಲ್ಲಿ ತಡೆಹಿಡಿಯುವ ವಾಡಿಕೆ ಇದೆ. ಆ ಅವಧಿಯಲ್ಲಿ ಮೇಂಟೇನರ್ ನೋಡಿ ಬೇಡವೆನ್ನಬಹುದು, ತಾವೇ ತಿದ್ದಬಹುದು. ಆದರೆ ಇದು ಒಂದು ದೋಷದ ಮಟ್ಟಿಗಿನ ಪರಿಹಾರ. ಪ್ಯಾಕೇಜಿನ ಹೊಣೆ ಕೈಬದಲಾಗುವುದಿಲ್ಲ. ಬಹುಕಾಲ ಇದೇ ಕೊರತೆಯಾಗಿತ್ತು. 2018ರಲ್ಲಿ ಸೇರಿಸಿದ ‘ಸಾಲ್ವೇಜ್’ ಪದ್ಧತಿ ಅದನ್ನು ತುಂಬಿತು. ದೂರುಗಳಿಗೆ ಉತ್ತರವಿಲ್ಲ, ಹೊಸ ಆವೃತ್ತಿ ಕೇಳಿದರೂ ಬಂದಿಲ್ಲ, ಬೇರೆಯವರೇ ಮತ್ತೆ ಮತ್ತೆ ತಿದ್ದಿದ್ದಾರೆ ಎಂಬಂಥ ಲಕ್ಷಣಗಳಿದ್ದರೆ, ಆಸಕ್ತರು ತಾವು ವಹಿಸಿಕೊಳ್ಳುವುದಾಗಿ ಬಹಿರಂಗವಾಗಿ ತಿಳಿಸುತ್ತಾರೆ. 21 ದಿನ ಆಕ್ಷೇಪ ಬಾರದಿದ್ದರೆ ತಮ್ಮ ಹೆಸರು ಸೇರಿಸಿದ ಪ್ಯಾಕೇಜನ್ನು ಸರದಿಗೆ ಹಾಕುತ್ತಾರೆ. ಅಲ್ಲಿ ಅದು ಇನ್ನೂ ಏಳು ದಿನ ಕಾಯುತ್ತದೆ. ಮೇಂಟೇನರ್ ಬೇಡವೆಂದರೆ ಈ ದಾರಿ ಅಲ್ಲಿಗೇ ಮುಚ್ಚುತ್ತದೆ, ವಿವಾದ ಉಳಿದರೆ ತಾಂತ್ರಿಕ ಸಮಿತಿಯ ಮುಂದೆ ಹೋಗಬಹುದು. ಅವಮಾನ ಮಾಡದೆ ಹೊಣೆ ದಾಟಿಸಲು ಇಂಥ ಸೌಮ್ಯವಾದ ಕ್ರಮ ಬೇರೆ ಯೋಜನೆಗಳಲ್ಲೂ ಇದ್ದಿದ್ದರೆ ಎಷ್ಟೋ ಜಗಳ ತಪ್ಪುತ್ತಿತ್ತು.

ಇಷ್ಟು ಎಚ್ಚರ ಯಾಕೆ, ಬಂದವರು ತಕ್ಷಣ ತಿದ್ದಿಬಿಡಬಾರದೆ ಎಂದು ಕೇಳುವವರಿಗೆ ಎರಡು ಘಟನೆಗಳು ಉತ್ತರವಾಗುತ್ತವೆ. ಮೊದಲನೆಯದು ಡೆಬಿಯನ್ ಮನೆಯೊಳಗಿನದೇ. 2006ರಲ್ಲಿ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿನಲ್ಲಿ, ಪರೀಕ್ಷಾ ಸಾಧನವೊಂದು ತೋರಿಸುತ್ತಿದ್ದ ಎಚ್ಚರಿಕೆಯನ್ನು ನಿವಾರಿಸಲು ಒಂದೆರಡು ಸಾಲುಗಳನ್ನು ತೆಗೆಯಲಾಯಿತು. ಮೂಲ ತಂಡವನ್ನು ಕೇಳಿಯೇ ಮಾಡಿದ ಬದಲಾವಣೆ ಅದು. ಪ್ರಶ್ನೆಯ ತೂಕ ಆ ಕಡೆಯವರಿಗೆ ಪೂರ್ತಿ ತಿಳಿದಿರಲಿಲ್ಲ. ಪರಿಣಾಮವಾಗಿ ಗುಪ್ತ ಕೀಲಿಗಳನ್ನು ಹುಟ್ಟಿಸುವ ಯಾದೃಚ್ಛಿಕ ಸಂಖ್ಯೆಗಳಿಗೆ ಆಧಾರವಾಗಿ ಉಳಿದದ್ದು ಪ್ರೊಸೆಸ್ ಸಂಖ್ಯೆ ಮಾತ್ರ, ಅಂದರೆ ಹೆಚ್ಚೆಂದರೆ 32,768 ಸಾಧ್ಯತೆಗಳು. ಒಂದು ಸಾಧಾರಣ ಕಂಪ್ಯೂಟರ್ ಅಷ್ಟನ್ನೂ ಎಣಿಸಿಬಿಡಬಲ್ಲದು. 2008ರ ಮೇ 13ರಂದು ದೋಷ ಬಹಿರಂಗವಾದಾಗ ಡೆಬಿಯನ್ ಮತ್ತು ಉಬುಂಟು ಬಳಸುತ್ತಿದ್ದವರೆಲ್ಲ ಆ ಅವಧಿಯ ಕೀಲಿಗಳನ್ನು ಎಸೆದು ಹೊಸದಾಗಿ ಮಾಡಿಕೊಳ್ಳಬೇಕಾಯಿತು.

ಎರಡನೆಯದು 2024ರದು. ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ತಂತ್ರಾಂಶವನ್ನು ಒಬ್ಬರೇ ಸ್ವಯಂಸೇವಕರು ವರ್ಷಗಳ ಕಾಲ ನೋಡಿಕೊಳ್ಳುತ್ತಿದ್ದರು. ಕೆಲಸ ನಿಧಾನವಾಯಿತು, ಬೇರೆಯವರಿಗೆ ಕೊಡಿ ಎಂದು 2022ರಲ್ಲಿ ಕೆಲವು ಅಪರಿಚಿತ ಹೆಸರುಗಳು ಅವರನ್ನು ಒತ್ತಾಯಿಸಿದವು. ತಮ್ಮ ಮನಸ್ಸಿನ ಆರೋಗ್ಯ ಸರಿಯಿಲ್ಲ, ಇದು ಸಂಬಳವಿಲ್ಲದ ಹವ್ಯಾಸದ ಕೆಲಸ ಎಂದು ಅವರು ಆಗಲೇ ತಿಳಿಸಿದ್ದರು. ಕಡೆಗೆ ಹೊಣೆಯ ಪಾಲು ‘ಜಿಯಾ ಟಾನ್’ ಹೆಸರಿನಲ್ಲಿದ್ದ ಸಹಾಯಕನಿಗೆ ಹೋಯಿತು. ಆ ಕೈಯಿಂದ ಬಂದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಸರ್ವರುಗಳಿಗೆ ಕಳ್ಳದಾರಿ ಅಡಗಿತ್ತು. ಹೊಸ ಆವೃತ್ತಿಯನ್ನು ಬೇಗ ಸೇರಿಸಿ ಎಂಬ ಒತ್ತಾಯ ಡೆಬಿಯನ್‌ಗೂ ಬಂದಿತ್ತು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆ ಎಂಬುದನ್ನು ಗಮನಿಸಿ ಬೆನ್ನುಹತ್ತಿದ್ದರಿಂದ ಮಾರ್ಚ್ 29ರಂದು ಸಂಚು ಬಯಲಾಯಿತು. ಕಳ್ಳದಾರಿ ಡೆಬಿಯನ್‌ನ ಅನ್‌ಸ್ಟೇಬಲ್ ಮತ್ತು ಟೆಸ್ಟಿಂಗ್ ಹಂತಗಳನ್ನು ತಲುಪಿತ್ತು. ಸ್ಟೇಬಲ್‌ನಲ್ಲಿ ಹಳೆಯ 5.4.1 ಇದ್ದುದರಿಂದ ಬಹುಪಾಲು ಬಳಕೆದಾರರು ಪಾರಾದರು. ದಣಿದ ಸ್ವಯಂಸೇವಕರ ಮೇಲೆ ಹೇರುವ ಒತ್ತಡ ಬರೀ ಒರಟುತನವಲ್ಲ, ಅದು ಭದ್ರತೆಗೇ ಅಪಾಯ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಒಬ್ಬರ ಹೆಗಲ ಮೇಲಿನ ಭಾರವನ್ನು ತಂಡಕ್ಕೆ ಹಂಚುವುದು ಈಗ ಹೆಚ್ಚು ರೂಢಿಯಲ್ಲಿರುವ ಪರಿಹಾರ. ಕನ್ನಡಕ್ಕೆ ಬೇಕಾದ ಪ್ಯಾಕೇಜುಗಳು ಇದಕ್ಕೆ ಒಳ್ಳೆಯ ಉದಾಹರಣೆ. ಡೆಬಿಯನ್‌ನಲ್ಲಿ ಕನ್ನಡ ಓದಲು ಲೋಹಿತ್, ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳಿವೆ, ಇವುಗಳನ್ನು ಒಟ್ಟಿಗೆ ತರುವ ಇನ್ನೊಂದು ಪ್ಯಾಕೇಜೂ ಇದೆ. ಇವುಗಳ ಹೊಣೆ ಫಾಂಟುಗಳ ತಂಡದ್ದು. ಒಬ್ಬರು ಬಿಡುವಿಲ್ಲದೆ ಹಿಂದೆ ಸರಿದರೂ ತಂಡದ ಇನ್ನೊಬ್ಬ ಸದಸ್ಯರು ಯಾರ ಅಪ್ಪಣೆಗೂ ಕಾಯದೆ ತಿದ್ದಬಹುದು. ಆದರೂ ತಂಡದ ಹೆಸರಿದ್ದ ಮಾತ್ರಕ್ಕೆ ಕೆಲಸ ನಡೆದುಬಿಡುವುದಿಲ್ಲ. ಒತ್ತಕ್ಷರ ತಪ್ಪಾಗಿ ಕೂತಿದೆಯೇ ಎಂದು ನೋಡಲು ಕನ್ನಡ ಬಲ್ಲ ಕಣ್ಣೇ ಬೇಕು. ಬೇರೆ ಭಾಷೆಯ ಸದಸ್ಯರು ಹೊಸ ಆವೃತ್ತಿ ಕಟ್ಟಬಲ್ಲರು, ಅದು ಸರಿಯಾಗಿ ಕಾಣುತ್ತಿದೆ ಎಂದು ಹೇಳಲಾರರು. ಬಳಸುವವರು ಕಡಿಮೆಯಿರುವ ಪ್ಯಾಕೇಜುಗಳೆಲ್ಲ ಎದುರಿಸುವ ಅಪಾಯವೇ ಇದು: ದೋಷ ಕಂಡವರು ಹೇಳುವುದಿಲ್ಲ, ಹೇಳದಿದ್ದರೆ ತಿದ್ದುವವರಿಗೆ ತಿಳಿಯುವುದಿಲ್ಲ.

ಎಲ್ಲ ಪ್ಯಾಕೇಜನ್ನೂ ಉಳಿಸಬೇಕೆಂದೇನೂ ಇಲ್ಲ. ಪೈಥಾನ್ 2 ಭಾಷೆಗೆ ಅದರ ಮೂಲ ತಂಡ 2020ರ ಜನವರಿ 1ಕ್ಕೆ ಬೆಂಬಲ ನಿಲ್ಲಿಸಿತು. ಅದನ್ನೇ ನೆಚ್ಚಿಕೊಂಡಿದ್ದ ಪ್ಯಾಕೇಜುಗಳನ್ನು ಒಂದೊಂದಾಗಿ ಪೈಥಾನ್ 3ಕ್ಕೆ ಒಗ್ಗಿಸುವ ಕೆಲಸ ಡೆಬಿಯನ್‌ನಲ್ಲಿ ವರ್ಷಗಳ ಕಾಲ ನಡೆಯಿತು. ಒಗ್ಗಿಸಲು ಯಾರೂ ಸಿಗದವು ಹೊರಬಿದ್ದವು. ಡೆಬಿಯನ್ 12ರ ಹೊತ್ತಿಗೆ ಪೈಥಾನ್ 2 ಕೂಡ ಇರಲಿಲ್ಲ. ಗಂಭೀರ ದೋಷವಿದ್ದೂ ಯಾರೂ ಮುಟ್ಟದ ಪ್ಯಾಕೇಜುಗಳನ್ನು ಟೆಸ್ಟಿಂಗ್ ಹಂತದಿಂದ ಯಂತ್ರವೇ ಮುಂಚಿತವಾಗಿ ಎಚ್ಚರಿಸಿ ತೆಗೆದುಹಾಕುತ್ತದೆ. ದೋಷ ತಿದ್ದಿದರೆ ಅವು ಮರಳಬಹುದು. ತೆಗೆಯುವುದು ಕಠಿಣವೆನಿಸಿದರೂ, ನೋಡುವವರಿಲ್ಲದ ತಂತ್ರಾಂಶವನ್ನು ನೋಡುವವರಿದ್ದಾರೆ ಎಂಬಂತೆ ಹಂಚುವುದಕ್ಕಿಂತ ಅದು ಪ್ರಾಮಾಣಿಕ.

ಬಳಕೆದಾರರ ಪಾತ್ರವೂ ಇಲ್ಲಿ ಸಣ್ಣದಲ್ಲ. ಪ್ಯಾಕೇಜು ಹಳತೆನಿಸಿದರೆ ಮೊದಲು ಚೇಂಜ್‌ಲಾಗ್ ನೋಡಿ ತೇಪೆ ಬಿದ್ದಿದೆಯೇ ಎಂದು ತಿಳಿಯಬೇಕು. ಆಮೇಲೆ ದೋಷಪಟ್ಟಿಯಲ್ಲಿ ಅದೇ ಮನವಿ ಈಗಾಗಲೇ ಇದೆಯೇ ಎಂದು ಹುಡುಕಬೇಕು. ಇಲ್ಲದಿದ್ದರೆ ಹೊಸ ಆವೃತ್ತಿ ಯಾಕೆ ಬೇಕು, ಯಾವ ದೋಷ ಅದರಲ್ಲಿ ತಿದ್ದಿದೆ ಎಂದು ಬರೆಯಬೇಕು. ಕಟ್ಟಿ ನೋಡಿದ್ದರೆ ಆದ ಅನುಭವವನ್ನೂ ಸೇರಿಸಬೇಕು. ತಮ್ಮ ಕಂಪ್ಯೂಟರಿನಲ್ಲಿರುವ ಯಾವ ಪ್ಯಾಕೇಜಿಗೆ ನೆರವು ಬೇಕು, ಯಾವುದು ಅನಾಥವಾಗಿದೆ ಎಂದು ತೋರಿಸುವ ಪುಟ್ಟ ಸಾಧನವೊಂದು ಡೆಬಿಯನ್‌ನಲ್ಲೇ ಸಿಗುತ್ತದೆ. ಸದಸ್ಯರಲ್ಲದವರೂ ಪ್ಯಾಕೇಜು ಕಟ್ಟಿ ಕೊಡಬಹುದು. ಸದಸ್ಯರೊಬ್ಬರು ಅದನ್ನು ಪರಿಶೀಲಿಸಿ ತಮ್ಮ ಸಹಿಯೊಂದಿಗೆ ಭಂಡಾರಕ್ಕೆ ಸೇರಿಸುತ್ತಾರೆ.