ಹಾಲುಹಲ್ಲಿನೊಳಗಣ ಆಕರಕೋಶಗಳು

ಮಗುವಿನ ಹಾಲುಹಲ್ಲು ಬಿದ್ದೊಡನೆ ಅದನ್ನು ಸೆಗಣಿಯ ಉಂಡೆಯೊಳಗಿಟ್ಟು ಮನೆಯ ಮಾಡಿನ ಮೇಲೆ ಎಸೆಯುವ ರೂಢಿ ನಮ್ಮಲ್ಲುಂಟು. ಹೀಗೆ ಎಸೆದುಬಿಡುವ ಹಲ್ಲು ನಿರ್ಜೀವ ವಸ್ತುವಲ್ಲ. ಬೇರು ಕರಗಿ ಹಲ್ಲು ಉದುರುವಾಗಲೂ ಅದರ ಒಳಗಣ ತಿರುಳಿನಲ್ಲಿ ಸಜೀವ ಕೋಶಗಳು ಉಳಿದಿರುತ್ತವೆ.

2003ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸೋಂಗ್‌ಟಾವ್ ಶಿ ಮತ್ತು ಅವರ ಸಂಗಡಿಗರು, ಉದುರಿದ ಒಂದೊಂದು ಬಾಚಿಹಲ್ಲಿನಲ್ಲಿಯೂ ಸುಮಾರು 12ರಿಂದ 20 ಆಕರಕೋಶಗಳನ್ನು, ಎಂದರೆ ಸ್ಟೆಮ್ ಸೆಲ್‌ಗಳನ್ನು, ಗುರುತಿಸಿದರು. ತನ್ನಂಥವನ್ನೇ ಹೆಚ್ಚಿಸಿಕೊಳ್ಳುವ, ತಕ್ಕ ಪರಿಸರದಲ್ಲಿ ಬೇರೆ ಬಗೆಯ ಕೋಶವಾಗಿಯೂ ಮಾರ್ಪಡುವ ಶಕ್ತಿ ಇಂತಹ ಕೋಶಕ್ಕಿದೆ. 2018ರಲ್ಲಿ ಚೀನದ ವೈದ್ಯರು, ಪೆಟ್ಟು ಬಿದ್ದು ತಿರುಳು ಸತ್ತ ಶಾಶ್ವತ ಹಲ್ಲುಗಳೊಳಗೆ ಆಯಾ ಮಕ್ಕಳದೇ ಹಾಲುಹಲ್ಲಿನ ಕೋಶಗಳನ್ನು ನೆಟ್ಟಾಗ, ರಕ್ತನಾಳಗಳೂ ಸಂವೇದನೆಯೂ ಉಳ್ಳ ಹೊಸ ತಿರುಳು ಬೆಳೆದುದನ್ನು ಪ್ರಕಟಿಸಿದರು.

ಹಾಗಾದರೆ ತಂದೆತಾಯಿಗಳು ಹಣ ತೆತ್ತು, ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದಲ್ಲಿ ಮಕ್ಕಳ ಹಲ್ಲಿನ ಕೋಶಗಳನ್ನು ಕಾದಿರಿಸಬೇಕೆ? ಉತ್ತರಕ್ಕಾಗಿ ಬೆಂಗಳೂರಿನ ವೈಟ್‌ಫೀಲ್ಡ್ ಕಡೆಗೆ ನೋಡಿದರೆ ಸಾಕು. ಮಣಿಪಾಲ ಸಮೂಹವು 2006ರಲ್ಲಿ ಆರಂಭಿಸಿದ ಅಲ್ಲಿಯ ಸ್ಟೆಮ್‌ಪ್ಯೂಟಿಕ್ಸ್ ಸಂಸ್ಥೆ, ಸ್ಟೆಮ್‌ಪ್ಯೂಸೆಲ್ ಎಂಬ ಔಷಧವನ್ನು ಆಕರಕೋಶಗಳಿಂದ ಸಿದ್ಧಪಡಿಸಿತು. ತಂಬಾಕಿನ ಸೇವನೆಯಿಂದ ರಕ್ತನಾಳಗಳು ಮುಚ್ಚಿ, ಕೆಲವೊಮ್ಮೆ ಕಾಲನ್ನೇ ಕತ್ತರಿಸಬೇಕಾಗುವ ಬರ್ಗರ್ ರೋಗಕ್ಕೆ ಇದು ಚಿಕಿತ್ಸೆ. ರೋಗಿಗಳಲ್ಲಿ ನಡೆದ ಪರೀಕ್ಷೆಗಳ ತರುವಾಯ ಇದಕ್ಕೆ 2016ರಲ್ಲಿ ಮಿತವಾದ ಅನುಮತಿಯೂ 2020ರಲ್ಲಿ ಪೂರ್ಣ ಅನುಮತಿಯೂ ದೊರೆತುವು. ಇದರ ಕೋಶಗಳು ರೋಗಿಯ ದೇಹದವಲ್ಲ. ಆರೋಗ್ಯವಂತ ವಯಸ್ಕ ದಾನಿಗಳ ಮೂಳೆಮಜ್ಜೆಯವು.

ಇದರಿಂದ ಎರಡು ಸಂಗತಿಗಳು ತಿಳಿಯುತ್ತವೆ. ಕೋಶ ದೊರೆತ ಮಾತ್ರಕ್ಕೆ ಔಷಧ ಸಿದ್ಧವಾಗದು. ಒಂದೊಂದು ರೋಗಕ್ಕೂ ಪ್ರತ್ಯೇಕ ಪರೀಕ್ಷೆ ಅವಶ್ಯ. ಎರಡನೆಯದಾಗಿ, ಹಾಲುಹಲ್ಲಿನ ಕೋಶಗಳನ್ನು ಹೋಲುವ ಆಕರಕೋಶಗಳು ಬೆಳೆದವರ ಮೂಳೆಮಜ್ಜೆ, ಕೊಬ್ಬು, ಬುದ್ಧಿಹಲ್ಲುಗಳಲ್ಲಿಯೂ ಇರುವುದರಿಂದ, ಹಾಲುಹಲ್ಲು ಹೋದೊಡನೆ ಅವಕಾಶವೇ ಕೈತಪ್ಪಿತೆನ್ನಲಾಗದು. ಇದಲ್ಲದೆ, ಮಗುವಿಗೆ ಆನುವಂಶಿಕ ರೋಗವಿದ್ದರೆ ಅದೇ ದೋಷ ಅದರ ಹಲ್ಲಿನ ಕೋಶಗಳಲ್ಲಿಯೂ ಇರುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ 2017ರ ಮಾರ್ಗಸೂಚಿಯು, ಪ್ರಯೋಜನಕ್ಕೆ ಸಾಕಷ್ಟು ವೈಜ್ಞಾನಿಕ ಆಧಾರವಿಲ್ಲವೆಂದು, ಹೊಕ್ಕುಳಬಳ್ಳಿಯ ರಕ್ತವನ್ನುಳಿದು ಹಲ್ಲು ಮೊದಲಾದವುಗಳ ವಾಣಿಜ್ಯ ಸಂಗ್ರಹಣೆಗೆ ಸಮ್ಮತಿಸಲಿಲ್ಲ.

ಸಂಶೋಧಕನಿಗೆ ಹಾಲುಹಲ್ಲು ಅಮೂಲ್ಯ ಸಾಮಗ್ರಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹೊಸ ಚಿಕಿತ್ಸೆಯ ಸುದ್ದಿ ಬಂದಾಗಲೆಲ್ಲ, ಅದನ್ನು ಯಾವ ರೋಗಕ್ಕೆ, ಎಷ್ಟು ಮಂದಿಯಲ್ಲಿ, ಯಾವುದರೊಡನೆ ಹೋಲಿಸಿ ಪರೀಕ್ಷಿಸಲಾಗಿದೆ ಎಂದು ವಿದ್ಯಾರ್ಥಿಗಳು ಕೇಳುವುದನ್ನು ರೂಢಿಸಿಕೊಂಡರೆ, ಮನೆಯವರ ಹಣವೂ ಉಳಿದೀತು, ವಿಜ್ಞಾನದ ಗೌರವವೂ ಉಳಿದೀತು.