ಎತ್ತರದ ಹಾದಿಗೆ ಮುನ್ಸಿದ್ಧತೆ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಮಕ್ಕಳಿಗೆ ಬೆಟ್ಟ ಹತ್ತುವುದು ಹೊಸತೇನಲ್ಲ. ಪಾಂಡವಪುರದ ಕುಂತಿಬೆಟ್ಟ, ಶ್ರೀರಂಗಪಟ್ಟಣದ ಬಳಿಯ ಕರಿಘಟ್ಟ, ಮೇಲುಕೋಟೆಯ ಯೋಗಾನರಸಿಂಹಸ್ವಾಮಿಯ ಬೆಟ್ಟ, ಇವುಗಳಲ್ಲಿ ಒಂದನ್ನಾದರೂ ಹತ್ತದ ವಿದ್ಯಾರ್ಥಿ ವಿರಳ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟು, ತುದಿಯಲ್ಲಿ ಕುಳಿತು ಉಂಡು, ಕೆಳಗೆ ಹರಡಿದ ಕಬ್ಬು ಬತ್ತಗಳ ಹಸುರನ್ನು ಕಣ್ತುಂಬ ನೋಡಿ, ಸಂಜೆಯೊಳಗೆ ಮನೆ ಸೇರಬಹುದು. ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಆದರೆ ಇದೇ ಉತ್ಸಾಹದಿಂದ ಹಿಮಾಲಯದಲ್ಲಿ ಹಲವು ದಿನ ನಡೆಯಲು ಹೊರಡುವವನು, ತಾನು ಇನ್ನೂ ದೊಡ್ಡದೊಂದು ಕುಂತಿಬೆಟ್ಟವನ್ನು ಹತ್ತುತ್ತಿದ್ದೇನೆಂದು ಭಾವಿಸಿದರೆ ಅಪಾಯಕ್ಕೆ ಒಳಗಾಗುತ್ತಾನೆ. ಅಲ್ಲಿ ನಾವು ಉಸಿರಾಡುವ ಗಾಳಿಯ ಸ್ವರೂಪವೇ ಬೇರೆ.

2024ನೆಯ ಇಸವಿಯ ಮೇ ತಿಂಗಳ ಕೊನೆಯಲ್ಲಿ ಉತ್ತರಾಖಂಡದ ಸಹಸ್ರತಾಲ್ ಎಂಬ ಸರೋವರದ ಕಡೆಗೆ 22 ಮಂದಿಯ ತಂಡವೊಂದು ಹೊರಟಿತು. ಸ್ಥಳೀಯ ಮಾರ್ಗದರ್ಶಿಗಳನ್ನು ಬಿಟ್ಟರೆ ಅವರಲ್ಲಿ ಬಹುತೇಕ ಎಲ್ಲರೂ ಕರ್ನಾಟಕದಿಂದ ಹೋದವರು. ಹಿಂದೆ ಅನೇಕ ಪರ್ವತಗಳನ್ನು ಹತ್ತಿ ಇಳಿದ ಅನುಭವಿಗಳೂ ಆ ತಂಡದಲ್ಲಿದ್ದರು. ಜೂನ್ 3ರಂದು, ನಾಲ್ಕು ಸಾವಿರ ಮೀಟರಿಗೂ ಮೇಲ್ಪಟ್ಟ ಎತ್ತರದಲ್ಲಿ, ಅವರು ಬಿಡಾರಕ್ಕೆ ಹಿಂದಿರುಗುತ್ತಿದ್ದಾಗ ಹಿಮಗಾಳಿ ಎದ್ದಿತು. ದಾರಿ ಕಾಣದಾಯಿತು. ರಕ್ಷಣಾ ಪಡೆಯವರೂ ವಾಯುಸೇನೆಯ ಹೆಲಿಕಾಪ್ಟರುಗಳೂ ಧಾವಿಸಿ 13 ಮಂದಿಯನ್ನು ಉಳಿಸಿ ತಂದರು. 9 ಮಂದಿ ಹಿಂದಿರುಗಲಿಲ್ಲ. ಮನೆಯಲ್ಲಿ ಬೆಚ್ಚಗೆ ಕುಳಿತ ನಾವು ಅವರ ತಪ್ಪೊಪ್ಪುಗಳನ್ನು ತೂಗಿನೋಡುವುದು ಉಚಿತವಲ್ಲ. ಆದರೆ ಮುಂದೆ ಹೊರಡುವವರು ಮೊದಲೇ ಏನೇನು ಲೆಕ್ಕ ಹಾಕಿರಬೇಕು ಎಂಬುದನ್ನು ತಿಳಿದುಕೊಳ್ಳಬಹುದು.

ಮಂಡ್ಯ ನಗರವು ಸಮುದ್ರಮಟ್ಟದಿಂದ ಸುಮಾರು 680 ಮೀಟರ್ ಎತ್ತರದಲ್ಲಿದೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲೆಡೆಯೂ ನೂರಕ್ಕೆ ಸುಮಾರು 21ರಷ್ಟೇ. ಆದರೆ ಮೇಲೇರಿದಂತೆಲ್ಲ ವಾಯುವಿನ ಒತ್ತಡ ತಗ್ಗುತ್ತದೆ. 5,500 ಮೀಟರ್ ಎತ್ತರದಲ್ಲಿ ಅದು ಅರ್ಧಕ್ಕೆ ಇಳಿದಿರುತ್ತದೆ. ಮಂಗಳೂರಿನ ಕಡಲ ತೀರದಲ್ಲಿ ಎಳೆದುಕೊಂಡ ಒಂದು ಉಸಿರಿನಲ್ಲಿ ದೊರೆಯುವ ಆಮ್ಲಜನಕವನ್ನು ಅಲ್ಲಿ ಪಡೆಯಬೇಕಾದರೆ ಎರಡು ಉಸಿರು ಬೇಕು. ನಮ್ಮ ದೇಹವು ಈ ಕೊರತೆಗೆ ಹೊಂದಿಕೊಳ್ಳಬಲ್ಲದು: ಉಸಿರಾಟ ಹೆಚ್ಚುತ್ತದೆ, ಎದೆಬಡಿತ ಚುರುಕಾಗುತ್ತದೆ, ವಾರಗಳು ಕಳೆದಂತೆ ರಕ್ತದಲ್ಲಿ ಕೆಂಪು ಕಣಗಳು ಅಧಿಕವಾಗುತ್ತವೆ. ಆದರೆ ದೇಹಕ್ಕೆ ಅವಸರ ತಿಳಿಯದು. ಎತ್ತರದ ಬೇನೆಯು ಸಾಮಾನ್ಯವಾಗಿ 2,500 ಮೀಟರಿನ ಮೇಲೆ ತಲೆದೋರುತ್ತದೆ. ನಮ್ಮ ನಾಡಿನ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರವಾದರೋ ಸುಮಾರು 1,930 ಮೀಟರ್ ಮಾತ್ರ. ಎಂದರೆ ಕರ್ನಾಟಕದ ಯಾವ ಬೆಟ್ಟವನ್ನು ಎಷ್ಟು ಸಲ ಹತ್ತಿದರೂ ಕಾಲು ಬಲಿಯಬಹುದು, ಶ್ವಾಸಕೋಶ ಬಲಿಯಬಹುದು. ಎತ್ತರದ ಅಭ್ಯಾಸ ಮಾತ್ರ ಆಗದು. ಅದನ್ನು ಹಿಮಾಲಯದಲ್ಲಿಯೇ, ದಿನಗಳನ್ನು ವ್ಯಯಮಾಡಿ, ಸಂಪಾದಿಸಬೇಕು.

ಈ ಮಾತನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಸುಮಾರು ಮೂವತ್ತು ವರ್ಷಗಳ ಹಿಂದೆ ಗೌರಿಕುಂಡದಿಂದ ಕೇದಾರನಾಥಕ್ಕೆ ನಡೆದು ಹೋದೆ. ಆಗ ಅದು 14 ಕಿಲೋಮೀಟರಿನ ಹಾದಿ. ಒಂದೇ ದಿನದಲ್ಲಿ ಒಂದೂವರೆ ಸಾವಿರ ಮೀಟರಿಗೂ ಮಿಕ್ಕಿದ ಏರು. ಸಂಜೆಗೆ ತಲುಪಿದೆನೆಂಬ ಹೆಮ್ಮೆ ಬಹಳ ಹೊತ್ತು ಉಳಿಯಲಿಲ್ಲ. ತಲೆ ಸಿಡಿಯತೊಡಗಿತು, ಅನ್ನ ಕಂಡರೆ ವಾಕರಿಕೆ, ರಾತ್ರಿಯೆಲ್ಲ ನಿದ್ರೆಯಿಲ್ಲ. ಮೇಷ್ಟರಾದ ನಾನು ನನ್ನ ದೌರ್ಬಲ್ಯವನ್ನು ಇತರರಿಗೆ ಹೇಳುವುದೆಂತು ಎಂದು ಸುಮ್ಮನಿದ್ದೆ. ಜೊತೆಯಲ್ಲಿದ್ದ ಮಳವಳ್ಳಿಯ ಕಡೆಯ ಹಿರಿಯ ರೈತರೊಬ್ಬರು ಬೆಳಗಿನ ಜಾವ, “ಮೇಷ್ಟ್ರೇ, ರಾತ್ರಿ ನೀವು ಉಣ್ಣಲಿಲ್ಲ, ಕಣ್ಣೂ ಮುಚ್ಚಲಿಲ್ಲ. ದರ್ಶನ ಆಮೇಲೆ ನೋಡೋಣ, ಮೊದಲು ಇಳಿಯಿರಿ” ಎಂದು ಕೈಹಿಡಿದು ಎಬ್ಬಿಸಿದರು. ಇಳಿಯುತ್ತ ಇಳಿಯುತ್ತ ತಲೆನೋವು ತಾನಾಗಿ ಕರಗಿತು. ಗೌರಿಕುಂಡ ತಲುಪುವ ವೇಳೆಗೆ ನನಗೆ ಹಸಿವಾಗುತ್ತಿತ್ತು. ಆ ಬೇನೆಗೆ ಅವರು ಹೇಳಿದ್ದೇ ಸರಿಯಾದ ಚಿಕಿತ್ಸೆಯೆಂಬುದು ನನಗೆ ಆಮೇಲೆ ವೈದ್ಯರಿಂದ ತಿಳಿಯಿತು. ಕುಳಿತಿರುವಾಗಲೂ ಏದುಸಿರು ಬರುವುದು, ಬಿಡದ ಕೆಮ್ಮು, ಗೆರೆಯ ಮೇಲೆ ನೇರವಾಗಿ ಹೆಜ್ಜೆಯಿಡಲಾಗದೆ ತೂರಾಡುವುದು, ಇವು ಕಂಡರಂತೂ ಬೆಳಗಾಗುವವರೆಗೆ ಕಾಯದೆ ರೋಗಿಯನ್ನು ಕೆಳಗಿಳಿಸಬೇಕು. ಶ್ವಾಸಕೋಶದಲ್ಲಿಯೋ ಮೆದುಳಿನಲ್ಲಿಯೋ ನೀರು ತುಂಬುತ್ತಿರುವುದರ ಸೂಚನೆ ಅದು.

ಹಾಗಾದರೆ ಯೋಜನೆಯೆಂದರೆ ಮುಖ್ಯವಾಗಿ ದಿನಗಳ ಲೆಕ್ಕ. ನಮ್ಮ ರೈತರು ನಾಲೆಗೆ ನೀರು ಬಿಡುವ ದಿನವನ್ನು ಹಿಡಿದು ಹಿಂದೆ ಹಿಂದೆ ಎಣಿಸಿ ಸಸಿಮಡಿ ಮಾಡುವ ದಿನವನ್ನು ಗೊತ್ತುಮಾಡುತ್ತಾರಲ್ಲವೆ? ಇಲ್ಲಿಯೂ ಹಾಗೆಯೇ. ಮೂರು ಸಾವಿರ ಮೀಟರ್ ದಾಟಿದ ಮೇಲೆ, ಇಂದು ಮಲಗಿದ ಎತ್ತರಕ್ಕಿಂತ ನಾಳೆ ಮಲಗುವ ಎತ್ತರ 500 ಮೀಟರಿಗಿಂತ ಹೆಚ್ಚಾಗಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಬಿಡಾರ ಕದಲಿಸಬಾರದು ಎಂಬುದು ವೈದ್ಯರ ಸೂತ್ರ. ಹಗಲಿನಲ್ಲಿ ಮೇಲೆ ಹೋಗಿ ಬಂದು ಕೆಳಗೆ ಮಲಗುವುದು ಒಳ್ಳೆಯದು. ಈಗ ಮದ್ದೂರಿನ ಉದ್ಯೋಗಿಯೊಬ್ಬರಿಗೆ ಹದಿನೈದು ದಿನದ ರಜೆ ಇದೆಯೆಂದು ಇಟ್ಟುಕೊಳ್ಳೋಣ. ರೈಲಿನಲ್ಲಿ ದೆಹಲಿಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಬೆಟ್ಟದ ಬುಡ ಸೇರಿ, ಮತ್ತೆ ಹಾಗೆಯೇ ಹಿಂದಿರುಗುವುದಕ್ಕೆ ಆರು ದಿನಗಳಾದರೂ ಸಂದುಹೋಗುತ್ತವೆ. ಉಳಿದ ಒಂಬತ್ತರಲ್ಲಿ ಎತ್ತರಕ್ಕೆ ಹೊಂದಿಕೊಳ್ಳಲು ಒಂದು, ಮಳೆ ಹಿಮಗಳ ಪಾಲಿಗೆ ಎರಡು ದಿನಗಳನ್ನು ತೆಗೆದಿರಿಸಿದರೆ ನಡೆಯಲು ಉಳಿಯುವುದು ಆರು. ಆರು ದಿನಕ್ಕೆ ಸಲ್ಲುವ ಹಾದಿಯನ್ನೇ ಅವರು ಆರಿಸಿಕೊಳ್ಳಬೇಕು. ಆದರೆ ಬಹುಮಂದಿ ಮೊದಲು ಶಿಖರವನ್ನು ಆರಿಸಿ, ಆಮೇಲೆ ದಿನಗಳನ್ನು ಅದಕ್ಕೆ ತುರುಕುತ್ತಾರೆ. ಮುಂಗಡವಾಗಿ ಕೊಂಡ ಹಿಂದಿರುಗುವ ರೈಲಿನ ಟಿಕೆಟ್ಟು ಎಷ್ಟೋ ಮಂದಿಯನ್ನು ಕೆಟ್ಟ ಹವೆಯಲ್ಲಿಯೂ ಮೇಲಕ್ಕೆ ನೂಕುತ್ತದೆಂಬುದು ನನ್ನ ಅಭಿಪ್ರಾಯ.

ಕೈಲಾಸ ಮಾನಸ ಸರೋವರದ ಯಾತ್ರೆಯನ್ನು ನೋಡಿ. ಭಾರತ ಸರಕಾರದ ಏರ್ಪಾಟಿನಲ್ಲಿ 1981ರಿಂದ ನಡೆದುಬಂದು, 2020ರಲ್ಲಿ ನಿಂತು, 2025ರಲ್ಲಿ ಪುನಃ ಆರಂಭವಾದ ಈ ಯಾತ್ರೆಗೆ ಕರ್ನಾಟಕದಿಂದಲೂ ಜನ ಹೋಗುತ್ತಾರೆ. ಕೈಲಾಸವನ್ನು ಸುತ್ತುವ ಸುಮಾರು 52 ಕಿಲೋಮೀಟರಿನ ಹಾದಿಯಲ್ಲಿ 5,600 ಮೀಟರಿಗೂ ಎತ್ತರದ ಡೋಲ್ಮಾ ಕಣಿವೆಯನ್ನು ದಾಟಬೇಕು. ಯಾತ್ರಿಕರಿಗೆ ದೆಹಲಿಯಲ್ಲಿ ಒಮ್ಮೆ ವೈದ್ಯಪರೀಕ್ಷೆ. ಲಿಪುಲೇಖ್ ಮಾರ್ಗದಲ್ಲಿ ಹೋಗುವವರಿಗೆ ಮೂರು ಸಾವಿರ ಮೀಟರಿಗೂ ಮೇಲಿರುವ ಗುಂಜಿಯಲ್ಲಿ ತಂಗಿಸಿ ಮತ್ತೊಮ್ಮೆ. ಅಲ್ಲಿ ಉತ್ತೀರ್ಣರಾಗದವರು ಅಷ್ಟು ದೂರ ಬಂದಿದ್ದರೂ ಮರಳಬೇಕು. ತಮ್ಮಷ್ಟಕ್ಕೆ ತಾವು ಹೊರಡುವ ತಂಡಗಳಿಗೆ ಇಂತಹ ಗುಂಜಿಯೊಂದನ್ನು ತಾವೇ ಗೊತ್ತುಮಾಡಿಕೊಳ್ಳದೆ ಗತಿಯಿಲ್ಲ.

ಊರಿನಲ್ಲಿ ಮಾಡಬೇಕಾದ ಸಿದ್ಧತೆಯೂ ಅಲ್ಪವಲ್ಲ. ಮೂರು ತಿಂಗಳು ಮೊದಲೇ ನಡಿಗೆಯನ್ನು ಆರಂಭಿಸಬೇಕು. ಮೇಲುಕೋಟೆಯ ಮೆಟ್ಟಿಲುಗಳನ್ನು ಬೆನ್ನಮೇಲೆ ಹೊರೆ ಹೊತ್ತು ಹತ್ತಬೇಕು, ಇಳಿಯಬೇಕು. ಇಳಿಯುವಾಗಲೇ ಮೊಣಕಾಲಿನ ಪರೀಕ್ಷೆ. ಹೊಸ ಬೂಟುಗಳನ್ನು ಅಲ್ಲಿ ಮೊದಲ ಸಲ ತೊಡುವುದು ಅವಿವೇಕ. ಎತ್ತರ ಸಾವಿರ ಮೀಟರ್ ಹೆಚ್ಚಿದಂತೆ ಶಾಖ ಸುಮಾರು ಆರೂವರೆ ಡಿಗ್ರಿ ಇಳಿಯುವುದರಿಂದ ಉಣ್ಣೆಯ ಬಟ್ಟೆ ಬೇಕು. ಹತ್ತಿಯ ಬಟ್ಟೆ ನೆನೆದರೆ ಮೈಯ ಶಾಖವನ್ನೆಲ್ಲ ಹೀರಿಬಿಡುತ್ತದೆ. 4,500 ಮೀಟರಿನಲ್ಲಿ ನೀರು 85 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುವುದರಿಂದ ಕುಕ್ಕರಿಲ್ಲದೆ ಅನ್ನ ಬೇಯದು. ನಮ್ಮ ಅಜ್ಜಿಯರ ರಾಗಿಯ ಹುರಿಹಿಟ್ಟಿಗೆ ಒಲೆಯ ಹಂಗೇ ಇಲ್ಲ. ಬೆಲ್ಲ ಕಲಸಿ ತಿಂದು ನಡೆದವರನ್ನು ನಾನು ಬಲ್ಲೆ.

ಕೊನೆಯದಾಗಿ, ಹೊರಡುವ ಮುನ್ನ ಒಂದು ಹಾಳೆಯ ಮೇಲೆ ಬರೆದಿಡಬೇಕಾದ ಸಂಗತಿಗಳಿವೆ. ಯಾವ ರಾತ್ರಿ ಎಲ್ಲಿ ತಂಗುವುದು, ಎಷ್ಟು ಎತ್ತರದಲ್ಲಿ; ತುದಿಗೆ ಹೊರಡುವ ದಿನ ಎಷ್ಟು ಗಂಟೆಗೆ, ಎಲ್ಲಿದ್ದರೂ, ಹಿಂದಿರುಗುವುದು; ಹಿಂದಿರುಗೋಣವೆಂದು ಹೇಳುವ ಅಧಿಕಾರ ಯಾರದು; ಎಲ್ಲರಿಗಿಂತ ಹಿಂದೆ ನಡೆಯುವವರು ಯಾರು. ಪರ್ವತಗಳಲ್ಲಿ ಮಧ್ಯಾಹ್ನದ ಮೇಲೆ ಹವೆ ಕೆಡುವುದು ಸಾಮಾನ್ಯವಾದುದರಿಂದ ಆ ಗಂಟೆಯನ್ನು ಬೆಳಗಿನ ಹೊತ್ತಿನಲ್ಲಿಯೇ ಗೊತ್ತುಪಡಿಸುತ್ತಾರೆ. ತುದಿ ಕಣ್ಣಿಗೆ ಕಾಣುತ್ತಿರುವಾಗ ಕುಳಿತು ಚರ್ಚಿಸಿದರೆ ತೀರ್ಮಾನ ಯಾವ ಕಡೆಗೆ ವಾಲುವುದೆಂಬುದನ್ನು ಹೇಳಬೇಕಾಗಿಲ್ಲ. ಈ ಹಾಳೆಯ ಒಂದು ಪ್ರತಿ ತಂಡದ ನಾಯಕನ ಬಳಿ, ಇನ್ನೊಂದು ಬೆಟ್ಟದ ಬುಡದ ಹಳ್ಳಿಯಲ್ಲಿ, ಮತ್ತೊಂದು ಮನೆಯಲ್ಲಿ ಇರಬೇಕು. ಮನೆಯ ಪ್ರತಿಯಲ್ಲಿ ಇನ್ನೊಂದು ಸಾಲು ಹೆಚ್ಚಾಗಿರುತ್ತದೆ: ಇಂಥ ದಿನದ ಸಂಜೆಯೊಳಗೆ ನಮ್ಮಿಂದ ಸುದ್ದಿ ಬಾರದಿದ್ದರೆ, ಇಂಥವರಿಗೆ ತಿಳಿಸಿರಿ.